ಹೆಗಲ ಮೇಲಿನ ಕೈ

ಕಾಲೇಜು ಹುಡುಗರ ಸಹೋದರ ಸಂಘದ ಮನೆಯ ನೆಲಮಾಳಿಗೆಯಲ್ಲಿ, ಸಂಘಕ್ಕೆ ಸೇರುವ ಪರೀಕ್ಷೆಗೆ ಬಂದ ಹೊಸ ಹುಡುಗರು ಕಣ್ಣಿಗೆ ಟೈ ಕಟ್ಟಿಸಿಕೊಂಡು, ಮುಂದಿನವನ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯವನು ಎಮೆಟ್. ಆದರೂ ಅವನ ಹೆಗಲ ಮೇಲೊಂದು ಕೈ ಇತ್ತು, ತಣ್ಣಗೆ, ಒದ್ದೆಯಾಗಿ.

"ಬಾಟ್ಲಿ ಖಾಲಿ ಮಾಡಿದ್ರೆ ನೀನು ನಮ್ಮ ತಮ್ಮ ಕಣೋ," ಎಂದು ಹಿರಿಯ ವಿದ್ಯಾರ್ಥಿ ಗ್ರೇಡಿ ವಿಸ್ಕಿ ಬಾಟಲಿಯನ್ನು ಎಮೆಟ್‌ನ ತುಟಿಗೊತ್ತಿದ. "ಹೋದ್ವರ್ಷ ವೆಸ್ಲಿ ತಕರಾರೇ ಮಾಡ್ಲಿಲ್ಲ."

"ಎಚ್ಚರ ತಪ್ಪಿದೋನನ್ನ ಆಸ್ಪತ್ರೆಗೆ ಒಯ್ಯದೆ ಶವರ್ ಕೆಳಗೆ ಮಲಗಿಸಿದ್ರಿ. ಸತ್ತೋದ. ನಾನು ಕುಡಿಯಲ್ಲ."

ಹೆಗಲ ಮೇಲಿನ ಬೆರಳುಗಳು ಬಿಗಿಯಾದವು. ಎಮೆಟ್ ಟೈ ಕಿತ್ತೆಸೆದು ತಿರುಗಿದ. ಹಿಂದೆ ಬರೀ ಗೋಡೆಯಿತ್ತು.

"ತೊಲಗೋ ಪುಕ್ಲ!" ಗ್ರೇಡಿ ಕಿರುಚಿದ.

ಎಮೆಟ್ ಮೆಟ್ಟಿಲು ಹತ್ತಿದ. ಕೈ ಹೆಗಲಲ್ಲೇ ಇತ್ತು. ಬಾಗಿಲು ದಾಟಿ ಮಧ್ಯಾಹ್ನದ ಬಿಸಿಲಿಗೆ ಬಂದ ಮೇಲೆ ಅದು ಮೆಲ್ಲನೆ ಒಮ್ಮೆ ತಟ್ಟಿ, ಬಿಟ್ಟಿತು. ಹೊಸ್ತಿಲಿನಿಂದ ಬೀದಿಯವರೆಗೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಾ ವೆಸ್ಲಿಯ ಮನೆಯ ಕಡೆ ಹೊರಟವು.