ಮಗಳಿಗೊಂದು ಶಾಲೆ

ಹೆನ್ನಿಂಗ್ ಮತ್ತೊಮ್ಮೆ ಪಕ್ಕಕ್ಕೆ ಸರಿದು ಹಿಂದೆ ನಿಂತಿದ್ದ ಕುಟುಂಬಕ್ಕೆ ದಾರಿ ಬಿಟ್ಟ.

"ನೀವೇ ಮೊದ್ಲು ಹೋಗಿ. ನನಗೇನೂ ಅವಸರ ಇಲ್ಲ."

ಇದು ಮೂರನೆಯ ಸಲ. ಗೇಟಿನ ಬಳಿ ನಿಂತಿದ್ದ ಕಾರ್ಸ್ಟೆನ್ಸ್ ಟೀಚರ್ ಹುಬ್ಬೇರಿಸಿದರು. ಇಷ್ಟೊಂದು ಸೌಜನ್ಯದ ಮನುಷ್ಯನನ್ನು ಅವರು ಈಚೆಗೆ ಕಂಡಿರಲಿಲ್ಲ.

ಲಿಸ್ಬನ್ನಿನ ಆ ಜರ್ಮನ್ ಶಾಲೆ ವರ್ಷಕ್ಕೊಮ್ಮೆ ಬಾಗಿಲು ತೆರೆದಿಡುತ್ತಿತ್ತು. ವರ್ಗವಾಗಿ ಬರುವವರು ಅಂದು ಎಲ್ಲವನ್ನೂ ಕಣ್ಣಾರೆ ನೋಡಿ, ಮಕ್ಕಳನ್ನು ಸೇರಿಸುವುದೋ ಬೇಡವೋ ಎಂದು ತೀರ್ಮಾನಿಸಬಹುದು. ತೋರಿಸುವವರು ನಾಲ್ಕನೇ ತರಗತಿಯ ಮಕ್ಕಳು. ದೊಡ್ಡವರಾದರೆ ಬಣ್ಣ ಹಚ್ಚಿ ಹೇಳುತ್ತಾರೆ, ಮಕ್ಕಳು ಶೌಚಾಲಯದ ನಲ್ಲಿ ಸೋರುವುದನ್ನೂ ಬಿಡುವುದಿಲ್ಲ ಎಂದು ಈ ಪದ್ಧತಿ. ಸಾಲಿನಲ್ಲಿ ನಿಂತ ಮಕ್ಕಳು ಒಬ್ಬೊಬ್ಬರಾಗಿ ಒಂದೊಂದು ಕುಟುಂಬವನ್ನು ಕರೆದುಕೊಂಡು ಒಳಗೆ ಹೋಗುತ್ತಿದ್ದರು. ಎರಡು ಜಡೆಯ ಹುಡುಗಿಯ ಸರದಿ ಬಂದಾಗ ಹೆನ್ನಿಂಗ್‌ಗೆ ಎಲ್ಲಿಲ್ಲದ ಅವಸರ ಹತ್ತಿತು.

"ನನ್ನ ಹೆಸರು ಮೆರ್ಲೆ," ಎಂದಳು ಹುಡುಗಿ. "ನಿಮ್ಮ ಮಗೂನ ಕರ್ಕೊಂಡು ಬಂದಿಲ್ವಾ ಸರ್?"

"ಇಲ್ಲ. ಇವತ್ತು ನಾನೊಬ್ಬನೇ."

"ಮಗನಾ, ಮಗಳಾ?"

"ಮಗಳು. ನಿನ್ನ ವಯಸ್ಸೇ."

"ಹೆಸರೇನು?"

"ನಾನು ಗುಬ್ಬಿ ಅಂತ ಕರೀತಿದ್ದೆ."

"ಅಯ್ಯೋ, ಇಲ್ಲಿ ಯಾರ ಮುಂದೆಯೂ ಹಾಗೆ ಕರೀಬೇಡಿ. ಹುಡುಗ್ರು ವರ್ಷಪೂರ್ತಿ ರೇಗಿಸ್ತಾರೆ."

ಅವನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಮಗಳಿಗೆ ಜರ್ಮನಿಯ ತನ್ನೂರು ಲ್ಯೂಬೆಕ್‌ನ ಶಾಲೆಯೋ, ಈ ಶಾಲೆಯೋ? ಸಂಜೆಯೊಳಗೆ ಫೋನಿನಲ್ಲಿ ಉತ್ತರ ಹೇಳಬೇಕಿತ್ತು. ಆಮೇಲೆ ಬದಲಾಯಿಸುವಂತಿರಲಿಲ್ಲ. ಲ್ಯೂಬೆಕ್‌ನಲ್ಲಿ ಮನೆಯಿಂದ ಕೂಗಳತೆಯಲ್ಲಿ ಶಾಲೆಯಿತ್ತು, ಅಲ್ಲಿ ಸೀಟನ್ನೂ ಹಿಡಿದಿಟ್ಟಿದ್ದ. ಇಲ್ಲಿ ಏನಾದರೊಂದು ಕೊರತೆ ಕಂಡರೆ ಸಾಕು, ಎದೆಯ ಭಾರ ಇಳಿಯುತ್ತಿತ್ತು. ಆ ಕೊರತೆಯನ್ನು ಹುಡುಕಿಕೊಂಡೇ ಅವನು ವಿಮಾನ ಹತ್ತಿದ್ದು.

ಹಾಳಾದ ಶಾಲೆ, ಎಲ್ಲವೂ ಚೆನ್ನಾಗಿತ್ತು. ತರಗತಿಗಳಿಗೆ ದೊಡ್ಡ ಕಿಟಕಿಗಳು, ಅಂಗಳದಲ್ಲಿ ಕಿತ್ತಳೆ ಮರಗಳು. ಕೆಳಗೆ ಈಜುಕೊಳವೂ ಇತ್ತು.

"ನೀರು ಕಂಡ್ರೆ ಹೆದರೋ ಮಕ್ಕಳನ್ನ ಏನ್ಮಾಡ್ತಾರೆ?" ಎಂದು ಕೇಳಿದ.

"ನಾನೇ ಹೆದರ್ತಿದ್ದೆ! ಕಿರುಚಿ ಊರು ಒಂದು ಮಾಡ್ತಿದ್ದೆನಂತೆ. ಈಗ ನೋಡಿ." ಚೀಲದ ಮೇಲೆ ಹೊಲಿದಿದ್ದ ಕಡಲಕುದುರೆಯ ಬಿಲ್ಲೆಯನ್ನು ಮುಂದೆ ಹಿಡಿದಳು. ಈಜಿನ ಮೊದಲ ಪರೀಕ್ಷೆ ಗೆದ್ದ ಮಕ್ಕಳಿಗೆ ಸಿಗುವ ಬಿಲ್ಲೆ ಅದು. "ಅಪ್ಪ ಕಲಿಸಿದ್ರು. ರಜೇಲಿ ದಿನಾ ಸಮುದ್ರಕ್ಕೆ ಕರ್ಕೊಂಡು ಹೋಗ್ತಿದ್ರು."

ಹೆನ್ನಿಂಗ್ ಮೆಟ್ಟಿಲಿನಲ್ಲಿ ಎಡವಿದ.

"ಒಳ್ಳೇವ್ರಾ, ನಿಮ್ಮಪ್ಪ?"

"ಇದೆಂಥಾ ಪ್ರಶ್ನೆ!" ಅವಳು ಕಿಸಕ್ಕನೆ ನಕ್ಕಳು. "ಅಪ್ಪ ಅಲ್ವಾ?"

ಒಂದನೇ ತರಗತಿಯ ಗೋಡೆಯ ತುಂಬ ಫೋಟೋಗಳು. ಶಾಲೆಯ ಮೊದಲ ದಿನ ಅಪ್ಪ ಅಮ್ಮ ಕೈಗಿಡುವ ಕಾಗದದ ದೊಡ್ಡ ಪೊಟ್ಟಣವನ್ನು ತಬ್ಬಿಕೊಂಡು ಮಕ್ಕಳು ನಿಂತಿದ್ದರು. ಮಿಠಾಯಿ, ಪೆನ್ಸಿಲು, ಆಟಿಕೆ ತುಂಬಿದ, ತಮ್ಮಷ್ಟೇ ಎತ್ತರದ ಪೊಟ್ಟಣ. ಹೆನ್ನಿಂಗ್ ಕೂಡ ಒಂದನ್ನು ತನ್ನ ಕೈಯಾರೆ ಅಂಟಿಸಿ ತುಂಬಿದ್ದ. ಹಳದಿ ಬಣ್ಣದ್ದು. ಅದು ಇವತ್ತಿಗೂ ಬೀರುವಿನ ಮೇಲೆ, ಕಟ್ಟಿದ ರಿಬ್ಬನ್ ಕಟ್ಟಿದಂತೆಯೇ ಇತ್ತು. ಗೋಡೆಯ ಮೇಲೆ ಮುಂದಿನ ಹಲ್ಲಿಲ್ಲದ ಒಂದು ಮುಖದ ಬಳಿ ಅವನ ಬೆರಳು ನಿಂತಿತು.

"ಅದು ನಾನೇ! ಹೇಗೆ ಗೊತ್ತಾಯ್ತು?"

"ಕಣ್ಣು ಹಾಗೇ ಇದೆ."

ಅವಳು ಖುಷಿಯಿಂದ ಮುಂದೆ ಓಡಿದಳು. ಅವನು ಕಣ್ಣೊರೆಸಿಕೊಂಡು ಹಿಂದೆ ನಡೆದ.

ಅಂಗಳಕ್ಕೆ ಬಂದ ಮೇಲೆ ಮೆರ್ಲೆಯೇ ಕೇಳಿದಳು. "ನಿಮ್ಮ ಗುಬ್ಬಿಗೆ ಊರು ಬಿಡೋಕೆ ಇಷ್ಟಾನಾ?"

"ಗೊತ್ತಿಲ್ಲ. ಅವಳನ್ನ ಯಾರೂ ಕೇಳಿಲ್ಲ."

ಹುಡುಗಿಯ ಮುಖ ಗಂಭೀರವಾಯಿತು. "ಕೇಳದೇ ಕರ್ಕೊಂಡು ಹೋಗ್ಬಾರ್ದು ಸರ್. ನಮ್ಮ ಕ್ಲಾಸಲ್ಲಿದ್ದ ಓಲೆ ಅನ್ನೋ ಹುಡುಗನಿಗೂ ಹಾಗೇ ಮಾಡಿದ್ರು. ವರ್ಷದ ನಡುವೆ ಎಳ್ಕೊಂಡು ಹೋದ್ರು. ಈಗ್ಲೂ ಫೋನ್ ಮಾಡಿ ಅಳ್ತಾನೆ. ಅಲ್ಲಿ ಅವನಿಗೆ ಯಾರೂ ಗೊತ್ತಿಲ್ವಂತೆ."

"ಅವಳ ಅಪ್ಪ ಅವಳ ಜೊತೆ ಇರ್ತಾನಲ್ಲ?"

"ಆದ್ರೂ," ಎಂದಳು ಮೆರ್ಲೆ.

ಹೆನ್ನಿಂಗ್ ಕೋಟಿನ ಜೇಬಿನಿಂದ ಲ್ಯೂಬೆಕ್‌ನ ಪುಟ್ಟ ಹಂದಿಯ ಆಕಾರದ ಬಾದಾಮಿ ಮಿಠಾಯಿಯೊಂದನ್ನು ತೆಗೆದ. ಕೆಂಪು ಕಾಗದದಲ್ಲಿ ಸುತ್ತಿದ್ದನ್ನು ಅವಳ ಮುಂದೆ ಹಿಡಿದ.

ಮೆರ್ಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಥ್ಯಾಂಕ್ಸ್ ಸರ್. ಗೊತ್ತಿಲ್ದೋರ ಹತ್ರ ಏನೂ ತಗೋಬಾರ್ದು ಅಂತ ಅಮ್ಮ ಹೇಳಿದಾರೆ. ನಿಮ್ಮ ಮಗಳಿಗೇ ಕೊಡಿ."

"ಸರಿ," ಎಂದ ಹೆನ್ನಿಂಗ್. "ನಿಮ್ಮಮ್ಮ ಸರಿಯಾಗೇ ಹೇಳಿದಾರೆ."

ಗೇಟಿನ ಬಳಿ ಕಾರ್ಸ್ಟೆನ್ಸ್ ಟೀಚರ್ ನಗುನಗುತ್ತಾ ಕೇಳಿದರು. "ಹೇಗಿದೆ ನಮ್ಮ ಶಾಲೆ? ಏನಾದ್ರೂ ಹುಳುಕು ಸಿಕ್ತಾ?"

"ಒಂದೂ ಸಿಗಲಿಲ್ಲ," ಎಂದು ಅವನು ಹೊರಗೆ ನಡೆದ.

ಇಳಿಜಾರಿನ ಬೀದಿಯಲ್ಲಿ ಒಂದು ಟ್ರಾಮ್ ಕಿರುಗುಟ್ಟುತ್ತಾ ಹತ್ತಿ ಹೋಯಿತು. ಅದರ ಸದ್ದು ಅಡಗುವವರೆಗೆ ಕಾದು ಫೋನ್ ಮಾಡಿದ.

"ನೋಡಿದೆ. ಇದೇ ಶಾಲೆ ಇರ್ಲಿ."

ಆ ಕಡೆಯಿಂದ ಅವನ ವಕೀಲೆ ಕೇಳಿದರು. "ಯೋಚ್ನೆ ಮಾಡಿ ಹೇಳ್ತಿದೀರಾ? ಇಷ್ಟು ವರ್ಷ ಕೋರ್ಟಿಗೆ ಅಲೆದು, ಕೂಸಾಗಿದ್ದಾಗಲೇ ದೂರವಾದ ಮಗಳನ್ನ ಗೆದ್ದಿದೀರಿ. ಅವಳಮ್ಮನಾಗ್ಲಿ, ಅಮ್ಮನ ಈಗಿನ ಗಂಡನಾಗ್ಲಿ ಇನ್ನು ತಡೆಯೋ ಹಾಗಿಲ್ಲ, ನಾಳೆನೇ ಲ್ಯೂಬೆಕ್‌ಗೆ ಕರ್ಕೊಂಡು ಬರಬಹುದು. ಅಲ್ಲಿವರೆಗೂ ಹೋಗಿ ಅವಳ ಮುಖನಾದ್ರೂ ನೋಡಿದ್ರಾ?"

"ನೋಡಿದೆ," ಎಂದ ಹೆನ್ನಿಂಗ್. "ಶಾಲೆಯೆಲ್ಲಾ ಅವಳೇ ತೋರಿಸಿದ್ಲು."