ಎಡಗಡೆಯ ತುಂಡು

"ಆ ವಿಡಿಯೋದ ಎಡಗಡೆಯ ಭಾಗ ನಿಮ್ಮ ಹತ್ತಿರ ಉಂಟಾ?"

ಜತ್ತಪ್ಪ ಹೀಗೆ ಕೇಳಿದಾಗ ಭವಿತ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಕುರ್ಚಿಯನ್ನೂ ತೋರಿಸಲಿಲ್ಲ. ಎರಡು ವಾರದ ಹಿಂದೆ ಬಸ್ಸನ್ನು ಮೋರಿಗೆ ಗುದ್ದಿದ ಡ್ರೈವರ್ ಇವತ್ತು ಭಾನುವಾರ ಮಾಳಿಗೆಯ ಸ್ಟುಡಿಯೋಗೆ ಹತ್ತಿ ಬಂದು ಎಡ ಬಲ ವಿಚಾರಿಸುತ್ತಿದ್ದಾನೆ! ಭವಿತನಿಗೆ ನಗು ಬಂತು.

'ಬಿಸಿ ಬೆಳ್ತಂಗಡಿ' ಎಂಬ ಅವನ ಪೇಜಿಗೆ ಒಂದು ಲಕ್ಷ ಎಂಬತ್ತು ಸಾವಿರ ಫಾಲೋವರ್‌ಗಳು. ಅವರಲ್ಲಿ ಒಬ್ಬನಿಗೂ ಮೊಬೈಲನ್ನು ನೆಟ್ಟಗೆ ಹಿಡಿಯುವಷ್ಟು ಬುದ್ಧಿಯಿಲ್ಲ ಎಂಬುದು ಭವಿತನ ಖಚಿತ ಅಭಿಪ್ರಾಯ. ಬೆಂಕಿ ಬಿದ್ದರೂ ಅಡ್ಡ ಹಿಡಿದೇ ತೆಗೆಯುತ್ತಾರೆ. ಹಾಗೆಯೇ ಹಾಕಿದರೆ ಮೇಲೂ ಕೆಳಗೂ ಕಪ್ಪು ಪಟ್ಟಿ, ನಡುವೆ ಅಂಚೆಚೀಟಿಯಷ್ಟು ಚಿತ್ರ. ರೀಲ್ಸ್ ಎಂದರೆ ಅಗಲ ಒಂಬತ್ತು ಪಾಲು, ಎತ್ತರ ಹದಿನಾರು. ಲೈಕಿನ ಗುಂಡಿ ಬರುವ ಬಲ ಅಂಚು, ಹೆಸರು ಬರುವ ಕೆಳ ಅಂಚು ಖಾಲಿ ಇರಬೇಕು. ಎರಡು ಸೆಕೆಂಡಿನೊಳಗೆ ನೋಡುವವನ ಹೆಬ್ಬೆರಳು ನಿಲ್ಲಬೇಕು. ಇಷ್ಟು ಗೊತ್ತಿಲ್ಲದವರಿಗೆಲ್ಲ ಯಾಕೆ ಮೊಬೈಲು?

ಮುಂಡಾಜೆಯ ಅಂಗಡಿಯ ಶರೀಫ್ ಕಳಿಸಿದ ಸಿಸಿಟಿವಿ ತುಣುಕೂ ಅಡ್ಡವೇ ಇತ್ತು. ಬಸ್ಸು ಹೊರಳಿ ಮೋರಿಗೆ ಗುದ್ದುವುದು ಬಲಬದಿಯಲ್ಲಿ ಕಾಣುತ್ತಿತ್ತು. ಭವಿತ್ ಅಷ್ಟನ್ನೇ ಉಳಿಸಿ ಉಳಿದದ್ದನ್ನು ಕತ್ತರಿಸಿದ. ಮೇಲೆ ಹಳದಿ ಅಕ್ಷರದಲ್ಲಿ 'ಚಾಲಕ ಕುಡಿದಿದ್ದನೇ?' ಎಂದು ಬರೆದ. ಪ್ರಶ್ನಾರ್ಥಕ ಚಿಹ್ನೆಯೊಂದಿದ್ದರೆ ಯಾರೂ ಕೇಸು ಹಾಕುವಂತಿಲ್ಲ. ಏಳು ಲಕ್ಷ ಜನ ನೋಡಿದರು. ಮೂರನೇ ದಿನ ಬಸ್ಸಿನ ಧಣಿ ಜತ್ತಪ್ಪನನ್ನು ಕೆಲಸದಿಂದ ಬಿಡಿಸಿದರು.

"ಉಂಟು. ಯಾಕೆ? ನಿಮ್ಮ ಮರ್ಯಾದೆ ಉಳಿಸ್ಲಿಕ್ಕೆ ಈಗ ಪೂರ್ತಿ ಹಾಕಬೇಕಾ, ಜತ್ತಪ್ಪಣ್ಣ?"

"ಅಲ್ಲ. ಹಾಕಬೇಡಿ ಅಂತ ಹೇಳ್ಲಿಕ್ಕೆ ಬಂದದ್ದು. ಶರೀಫನ ಮಿಷನಿನಲ್ಲಿ ಹಳತೆಲ್ಲ ಅಳಿಸಿ ಹೋಗಿದೆ. ಇನ್ನು ಇರುವುದು ನಿಮ್ಮಲ್ಲಿ ಮಾತ್ರ. ಅದನ್ನು ಡಿಲೀಟ್ ಮಾಡಿಬಿಡಿ."

ಭವಿತ್ ಈಗ ತಿರುಗಿ ಕುಳಿತ. "ಅದರಲ್ಲಿ ಅಂಥದ್ದೇನುಂಟು?"

"ನೀವು ನೋಡ್ಲಿಲ್ಲವಾ?"

"ಬೇಡದ್ದನ್ನು ನೋಡ್ತಾ ಕೂರ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

"ಹಾಗಾದ್ರೆ ಇನ್ನು ಮುಂದೂ ನೋಡಬೇಡಿ. ನಿಮ್ಮ ಒಳ್ಳೆಯದಕ್ಕೇ ಹೇಳುವುದು ಮಾರಾಯ್ರೆ. ನನ್ನದು ಹೋದದ್ದು ಹೋಯ್ತು."

ಬೆದರಿಕೆ! ಕೆಲಸ ಕಳೆದುಕೊಂಡವನ ಗತ್ತು ನೋಡಿ. "ಆಯ್ತು, ಹೋಗಿ ಬನ್ನಿ" ಎಂದು ಭವಿತ್ ಬಾಗಿಲು ತೋರಿಸಿದ. ಜತ್ತಪ್ಪ ಗೋಡೆ ಹಿಡಿದು ತಿರುಗಿದ. ಪೆಟ್ಟಾದ ಮೊಣಕಾಲನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸುತ್ತ ಹೋದ.

ಸ್ಟುಡಿಯೋದ ಹಿಂದೆಯೇ ಮನೆ. ಹೆಂಡತಿ ಸುರಕ್ಷಾ ಎರಡು ಲೋಟ ಚಹಾ ಹಿಡಿದು ಬಂದಳು. ಬಂದವರು ಹೋಗಿದ್ದನ್ನು ನೋಡಿ ಒಂದನ್ನು ಮಾತ್ರ ಮೇಜಿನ ಮೇಲಿಟ್ಟಳು.

"ಆ ಡ್ರೈವರಿನ ವಿಡಿಯೋ ತೆಗೆದುಬಿಡಿ. ಪಾಪ, ಅವರಿಗೂ ಸಂಸಾರ ಉಂಟು."

"ನೀನು ನಿನ್ನ ಎರಡನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಕೊಡು. ಪೇಜು ನಾನು ನೋಡಿಕೊಳ್ತೇನೆ."

ಅವಳು ಇನ್ನೊಂದು ಲೋಟವನ್ನು ಹಿಡಿದುಕೊಂಡೇ ಒಳಗೆ ಹೋದಳು. ಶಾಲೆಯ ಟೀಚರುಗಳೆಂದರೆ ಇಷ್ಟೇ. ಎಲ್ಲರ ಮೇಲೂ ಪಾಪ.

ಭವಿತ್ ಮೂಲ ತುಣುಕನ್ನು ತೆರೆದ. ಎಡಗಡೆಯಲ್ಲಿ, ಮಳೆಯಲ್ಲಿ, ನಿಂತ ಪಿಕಪ್ಪನ್ನು ದಾಟಿ ಒಂದು ಸ್ಕೂಟರು ನೇರ ಬಸ್ಸಿನ ಎದುರಿಗೆ ನುಗ್ಗುತ್ತಿತ್ತು. ಹೆಲ್ಮೆಟ್ಟು, ಮೊಣಕಾಲು ದಾಟುವ ನೀಲಿ ರೈನ್‌ಕೋಟು. ಕೆಳಗೆ ಸೀರೆಯ ಅಂಚು ಕಂಡದ್ದರಿಂದ ಹೆಂಗಸು ಎಂದು ಗೊತ್ತಾಯಿತು. ಬಸ್ಸು ನೇರ ಹೋಗಿದ್ದರೆ ಅವಳು ಚಕ್ರದ ಅಡಿಗೆ. ಜತ್ತಪ್ಪ ಸ್ಟಿಯರಿಂಗ್ ಎಳೆದಿದ್ದ. ಸ್ಕೂಟರು ಕ್ಷಣ ನಿಂತಿತ್ತು; ಅವಳು ಕ್ಯಾಮೆರಾಕ್ಕೆ ಬೆನ್ನು ಹಾಕಿ, ಹೆಲ್ಮೆಟ್ಟಿನ ಗಾಜು ಎತ್ತಿ ಡ್ರೈವರಿನ ಕಡೆ ನೋಡಿ, ಮುಂದೆ ಹೋಗಿಬಿಟ್ಟಿದ್ದಳು.

ಹಾಕಿದ ವಿಡಿಯೋ ತೆಗೆದುಬಿಡಲೇ ಎಂದು ಒಮ್ಮೆ ಅನ್ನಿಸಿತು. ಹೆಚ್ಚು ಹೊತ್ತೇನಲ್ಲ. ಅವಳನ್ನು ಈ ಮುದುಕ ಯಾಕೆ ಮುಚ್ಚಿಡುತ್ತಿದ್ದಾನೆ? ಬೇಕಾದವಳೇ ಇರಬೇಕು! ಐವತ್ತೈದರಲ್ಲಿ ಈ ವೇಷ. ಭವಿತ್ ಒಬ್ಬನೇ ಗಹಗಹಿಸಿ ನಕ್ಕ. ಡ್ರೈವರಿಗಿಂತ ಸ್ಕೂಟರಿನ ಹೆಂಗಸನ್ನು ಬೈಯಲು ಜನಕ್ಕೆ ಹತ್ತು ಪಾಲು ಹುರುಪು.

ಈ ಸಲ ಎಡಗಡೆಯನ್ನು ಉಳಿಸಿ ಬಲಗಡೆಯನ್ನು ಕತ್ತರಿಸಿದ. ಮೋರಿಗೆ ಗುದ್ದಿದ್ದೂ ಕಾಣುವುದು ಬೇಡ, ಡ್ರೈವರ್ ಒಳ್ಳೆಯವನಾಗುವುದೂ ಬೇಡ. ಸ್ಕೂಟರಿನ ನಂಬರನ್ನು ಹಿಗ್ಗಿಸಿ, ಯಾವ ಗುಂಡಿಯೂ ಮುಚ್ಚದಂತೆ ಸರೀ ನಡುವೆ ಕೂರಿಸಿದ. 'ಬಸ್ಸಿಗೆ ಅಡ್ಡ ಬಂದ ಈ ಮಹಾರಾಣಿ ಯಾರು? ಗುರುತಿಸಿ!' ನಾಲ್ಕೂವರೆಗೆ ಹಾಕಿದ.

ಐದೂವರೆಯೊಳಗೆ ಐವತ್ತು ಸಾವಿರ ಜನ ನೋಡಿದರು. ಲೈಸೆನ್ಸ್ ಕೊಟ್ಟವನನ್ನು ಒಬ್ಬ ಬೈದ. ಹೆತ್ತವರನ್ನು ಇನ್ನೊಬ್ಬ ಬೈದ. 'ಯಾರಾದರೂ ಮನೆಯ ವಿಳಾಸ ಹಾಕಿ, ಹೋಗಿ ವಿಚಾರಿಸುವ' ಎಂದ ಮತ್ತೊಬ್ಬ. ಆಮೇಲೆ ಯಾರೋ ಬರೆದರು: 'ಇದು ದೀಪಶ್ರೀ ಟೀಚರ ಸ್ಕೂಟರ್.'

ದೀಪಶ್ರೀ ಸುರಕ್ಷಾಳ ಶಾಲೆಯವಳೇ. ಭವಿತನ ಮಗುವಿನ ಹುಟ್ಟುಹಬ್ಬಕ್ಕೆ ಬಂದು ಇದೇ ಮನೆಯಲ್ಲಿ ಉಂಡವಳು. ಭವಿತ್ ಒಂದು ನಿಮಿಷ ಯೋಚಿಸಿದ. ಗುರುತು ಪರಿಚಯ ಎಂದು ಕೂತರೆ ಪೇಜು ನಡೆಯುವುದಿಲ್ಲ. ಆ ಕಮೆಂಟನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ. ಬೈಗುಳ ಈಗ ಹೆಸರು ಹಿಡಿದೇ ಸುರಿಯತೊಡಗಿತು.

ಆರು ಗಂಟೆಗೆ ಅದರ ಕೆಳಗೆ ದೀಪಶ್ರೀಯ ಉತ್ತರ ಬಂತು:

'ಸ್ಕೂಟರ್ ನನ್ನದು, ರೈನ್‌ಕೋಟೂ ನನ್ನದೇ. ಆದರೆ ಆವತ್ತು ನಿಮ್ಮ ಮಗುವಿಗೆ ಜ್ವರ ಏರಿದೆ ಎಂದು ಫೋನ್ ಬಂದಾಗ ನನ್ನಿಂದ ಕೀ ಕಿತ್ತುಕೊಂಡು ಓಡಿದ್ದು ಸುರಕ್ಷಾ, ಭವಿತಣ್ಣ.'