ನಡುಮಧ್ಯಾಹ್ನ ನಿಲ್ಲುವ ಪಂಪ್

ಮಧ್ಯಾಹ್ನ ಹನ್ನೆರಡೂವರೆ. ಟಿಕೋಟಾ ಬಳಿಯ ದ್ರಾಕ್ಷಿ ತೋಟದಲ್ಲಿ ಸಂಗನಬಸವನ ಸೋಲಾರ್ ಪಂಪ್ ಮತ್ತೆ ನಿಂತಿತು.

ಮೋಡವಿರಲಿಲ್ಲ. ಸಂಗನಬಸವ ಎಂದಿನಂತೆ ವಿಜಯಪುರದ ತನ್ನ ಗೊಬ್ಬರದ ಅಂಗಡಿಯಲ್ಲಿದ್ದ. ಪಂಪ್ ನಿಂತದ್ದನ್ನು ಮೊಬೈಲ್ ತೋರಿಸಿತು. ದಸರೆಯಿಂದ ಇದೇ ಕಥೆ. ಎರಡು ಗಂಟೆ ಬಿಟ್ಟು ಅದು ತಾನಾಗಿಯೇ ಶುರುವಾಗುತ್ತಿತ್ತು. ಚಾಟ್ನಿ ಮಾಡಿ ಕೊಂಬೆ ಸವರಿದ್ದ ಬಳ್ಳಿ ಚಿಗುರೊಡೆದಿತ್ತು. ಹೊಸದಾಗಿ ಬಳ್ಳಿ ಹಚ್ಚಿದ ಹೊಲದ ತುಂಡಿಗೂ ನೀರು ಬೇಕಿತ್ತು.

ಸಂಜೆ ಅವನು ತೋಟಕ್ಕೆ ಮರಳಿದಾಗ ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ಮೆಕ್ಯಾನಿಕ್ ಶಬನಮ ಮೂರನೇ ಸಲ ಬಂದಳು. ತಂತಿ ನೋಡಿದಳು, ಮೋಟರ್ ನೋಡಿದಳು, ಪ್ಯಾನೆಲ್ ಮೇಲೆ ಬೆರಳಾಡಿಸಿದಳು.

“ಮಷೀನ್‌ದಾಗ ಏನೂ ಇಲ್ರಿ ಅಣ್ಣಾರ. ಗಾಜಿನ ಮ್ಯಾಲ ಒಂದೀಟು ಧೂಳಿಲ್ಲ. ಆದ್ರ ಆ ಹೊತ್ತಿಗೆ ನೆರಳ ಬೀಳಾಕತ್ತೈತಿ.”

“ಮಟಮಟ ಮಧ್ಯಾಹ್ನ ಯಾವ ನೆರಳವಾ? ಇಲ್ಲಿ ಗಿಡ ಎಲ್ಲೈತಿ, ತೋರಸು.”

“ನೆರಳಿಗೆ ಗಿಡಾನ ಬೇಕಂತೇನಿಲ್ರಿ.”

ಸಂಗನಬಸವನಿಗೆ ಕುರಿ ಕಾಯುವ ಅಮೋಘಿ ನೆನಪಾದ.

ದಸರೆಗೆ ಮುಂಚೆ ಅಮೋಘಿ ತೋಟದ ಮನೆಗೆ ಬಂದಿದ್ದ. “ಸಾವಕಾರ್ರ, ನಿಮ್ಮ ಪಂಪ್ ಮುಂಜಾನಿಂದ ಸಂಜಿತನಾ ಎಳೀತೈತಿ. ಬಾಜೂಕಿನ ಕೈಪಂಪಿಗೆ ಬರೇ ಗಾಳಿ ಬರಾಕತ್ತೈತಿ. ನಡುಮಧ್ಯಾಹ್ನ ಒಂದೀಟು ಬಂದ್ ಇಡ್ರಿ. ಕುರಿ ನೀರ ಕುಡೀತಾವು.”

“ಕರೆಂಟಿನ ಪಂಪ್ ಇದ್ದಾಗ ಹಗಲೂ ರಾತ್ರಿ ಕರೆಂಟಿನ ದಾರಿ ಕಾದೀನಿ. ಈಗ ಬಿಸಿಲ ಪುಕ್ಕಟ ಐತಿ. ಪುಕ್ಕಟ ಬಂದದ್ದನ್ನ ಯಾರರೆ ಬಂದ್ ಮಾಡ್ತಾರೇನು?”

“ಬಿಸಿಲ ಪುಕ್ಕಟ, ಖರೇರಿ. ನೀರ?”

ಸಂಗನಬಸವ ಅವನನ್ನು ಗದರಿಸಿ ಕಳುಹಿಸಿದ್ದ. ತಾಯಿ ರುದ್ರವ್ವ ಅಲ್ಲೇ ಹಬ್ಬಕ್ಕೆಂದು ಮನೆಯವರು ಹೊದೆಯುವ ಕೌದಿಗಳನ್ನೆಲ್ಲ ಒಗೆಯುತ್ತಿದ್ದಳು. ಅವಳು ತಲೆ ಎತ್ತಿರಲಿಲ್ಲ.

ಶಬನಮ ಹೋದ ಮೇಲೆ ಸಂಗನಬಸವ ತಾಯಿಗೆ ಹೇಳಿದ: “ಅಂವಂದ ಕೆಲಸ ಇದು. ನಾಳೆ ಕೈಯಾಗ ಸಿಗಲಿ, ಸ್ಟೇಷನ್‌ಗೆ ಎಳಕೊಂಡ ಹೋಗ್ತೀನಿ. ಮತ್ತ ಈ ಕಡೆ ಕುರಿ ಹೊಡಕೊಂಡ ಬರಬಾರದು.”

“ಎಲ್ಲಾರೂ ಮಧ್ಯಾಹ್ನ ಉಂಡು ಒಂದೀಟು ಅಡ್ಡಾಗ್ತಾರ. ಪಂಪೂ ಅಡ್ಡಾಗ್ತೈತಿ, ಬಿಡೋ.”

“ನಿನಗ ಚ್ಯಾಷ್ಟಿ.”

ರುದ್ರವ್ವ ಅವನ ಕೈಗೆ ತಂಬಿಗೆ ಕೊಟ್ಟಳು. ಮನೆಗೂ ಕುಡಿಯಲು ಆ ಕೈಪಂಪಿನ ನೀರೇ. ಅವನು ಗಟಗಟ ಕುಡಿದ.

ಮರುದಿನ ಅವನು ಅಂಗಡಿಗೆ ಹೋಗುತ್ತೇನೆಂದು ಹೊರಟು, ಒಣದ್ರಾಕ್ಷಿ ಶೆಡ್ಡಿನ ಹಿಂದೆ ಬಡಿಗೆ ಹಿಡಿದು ಕೈಪಂಪಿನ ಮೇಲೆ ಕಣ್ಣಿಟ್ಟು ಕುಳಿತ. ಹನ್ನೆರಡು ದಾಟಿತು. ಅಮೋಘಿ ಕುರಿಗಳೊಂದಿಗೆ ಬಂದ. ಕೈಪಂಪು ಜಗ್ಗಿದ. ಗಾಳಿಯಷ್ಟೇ ಬಂತು. ಅವನು ಪ್ಯಾನೆಲ್‌ಗಳ ಕಡೆ ತಿರುಗಿಯೂ ನೋಡದೆ ನೆಲದ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡ. ಯಾರಿಗೋ ಕಾಯುವವನಂತೆ.

ಪಂಪ್ ನಿಂತಿತು.

ಸಂಗನಬಸವ ಬಡಿಗೆ ಎತ್ತಿ ಪ್ಯಾನೆಲ್‌ಗಳತ್ತ ಓಡಿದ. ಅವುಗಳ ಮೇಲೆ ಕೌದಿಗಳು ಹರಡಿದ್ದವು. ಕೊನೆಯ ಕೌದಿಯ ತುದಿ ಜಗ್ಗುತ್ತ ರುದ್ರವ್ವ ನಿಂತಿದ್ದಳು.

“ಹಬ್ಬ ಮುಗದ ಹದಿನೈದ ದಿನ ಆತು. ಇನ್ನೂ ಕೌದಿ ಏನಬೇ?”

“ಒಣಗಬೇಕಲ್ಲೋ ಯಪ್ಪಾ.”

ಅವನು ಮುಟ್ಟಿ ನೋಡಿದ. ಕೌದಿ ಒದ್ದೆಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕೈಪಂಪಿನಲ್ಲಿ ನೀರು ಬಂತು. ಮೊದಲು ಕುರಿಗಳು ಕುಡಿದವು, ಆಮೇಲೆ ರುದ್ರವ್ವ ಕೊಡ ತುಂಬಿಕೊಂಡಳು.